ಬೀಗರ ಭಾಷೆಗೊಂದು ಬಾಲಬೋಧೆ

ಮಗ ಕೊರಿಯಾದ ಹುಡುಗಿಯನ್ನು ಮದುವೆ ಆಗ್ತೀನಿ ಅಂದಾಗ ನಮ್ಮನೇಲಿ ಆದ ಗಲಾಟೆಯ ಕಥೆ ಈಗ ಬೇಡ ಬಿಡಿ, ಅದು ಮುಗಿದ ಅಧ್ಯಾಯ. ಇವತ್ತಿನ ವಿಷಯ ಅದರಿಂದ ಹುಟ್ಟಿದ ಇನ್ನೊಂದು ಸಮಸ್ಯೆ: ಕೊರಿಯನ್ ಕಲಿಯೋಕೆ ಯಾವ ಪುಸ್ತಕ ಕೊಳ್ಳೋದು?

ಬೀಗರು ಇರೋದು ದೇಗು ನಗರದಲ್ಲಿ. ಅವರಿಗೆ ಇಂಗ್ಲಿಷ್ ಬರಲ್ಲ, ನಮಗೆ ಕೊರಿಯನ್ ಬರಲ್ಲ. ವಾರಕ್ಕೊಂದು ವಿಡಿಯೋ ಕಾಲ್. ಬೀಗಿತ್ತಿ ಎರಡು ನಿಮಿಷ ಮನಸ್ಸು ಬಿಚ್ಚಿ ಮಾತಾಡ್ತಾರೆ, ನಮ್ಮ ಮಗರಾಯ ಅದನ್ನ "ಚೆನ್ನಾಗಿದೀರಾ ಅಂತ ಕೇಳ್ತಿದಾರಮ್ಮ" ಅಂತ ಮುಗಿಸಿಬಿಡ್ತಾನೆ! ನನ್ನ ಮಾತೂ ಆ ಕಡೆ ಹೀಗೇ ಸೊರಗಿ ತಲುಪ್ತಿರಬೇಕು. ಮದುವೆಗೆ ಇನ್ನು ಹತ್ತು ತಿಂಗಳು. ಮಗಳನ್ನು ಕೊಡೋ ತಾಯಿಯ ಜೊತೆ ಮಧ್ಯಸ್ಥರಿಲ್ಲದೆ ನಾಲ್ಕು ಮಾತು ಆಡಬೇಕು ಅನ್ನೋದಷ್ಟೇ ನನ್ನ ಆಸೆ.

ಚೆನ್ನೈನಲ್ಲಿ ನಮಗೆ ಕೊರಿಯನ್ನರು ಹೊಸಬರೇನಲ್ಲ. 1996ರಲ್ಲಿ ಹ್ಯುಂಡೈ ಕಂಪನಿ ಶ್ರೀಪೆರಂಬುದೂರಿನ ಕಡೆಗೆ ಬಂದ ಮೇಲೆ ಅವರ ಸಂಸಾರಗಳೂ ಬಂದವು, ಹೋಟೆಲುಗಳೂ ಬಂದವು. ಇಂಕೋ ಸೆಂಟರ್ ಅಂತ ಒಂದು ಸಂಸ್ಥೆ ಇದೆ, ಅಲ್ಲಿ ಕೊರಿಯನ್ ತರಗತಿ ನಡೆಯುತ್ತೆ. ಆದ್ರೆ ಬ್ಯಾಂಕಿನವರ ಪಾಡು ನಿಮಗೆ ಗೊತ್ತಲ್ಲ, ತರಗತಿಯ ಹೊತ್ತಿಗೆ ನಾನಿನ್ನೂ ಸೀಟು ಬಿಟ್ಟು ಎದ್ದಿರಲ್ಲ. ಹಾಗಾಗಿ ಮೊದಲು ಪುಸ್ತಕವೇ ಗತಿ.

ಯಾವ ಪುಸ್ತಕ ಒಳ್ಳೇದು ಅಂತ ಹುಡುಕಿದರೆ ಸಲಹೆಗಳಿಗೇನೂ ಬರವಿಲ್ಲ. ಆದ್ರೆ ಅವೆಲ್ಲ ಇಂಗ್ಲಿಷ್ ಮಾತೃಭಾಷೆಯವರು ಇಂಗ್ಲಿಷ್ ಮಾತೃಭಾಷೆಯವರಿಗೆ ಕೊಟ್ಟ ಸಲಹೆಗಳು. ಅವರಿಗೆ ಕಷ್ಟ ಅನ್ನಿಸೋದು ನಮಗೆ ಕಷ್ಟವೇ ಅಲ್ಲ! "ಚೊನುನ್ ಉನ್‌ಹೇಂಗೆ ಕಾಯೊ" ಅನ್ನೋ ವಾಕ್ಯ ನೋಡಿ. ಚೊನುನ್ ಅಂದ್ರೆ ನಾನು, ಉನ್‌ಹೇಂಗ್ ಅಂದ್ರೆ ಬ್ಯಾಂಕು, ಅದರ ಬಾಲಕ್ಕಿರೋ ‘ಎ’ ನಮ್ಮ ‘ಗೆ’, ಕಾಯೊ ಅಂದ್ರೆ ಹೋಗ್ತೀನಿ. ನಾನು ಬ್ಯಾಂಕಿಗೆ ಹೋಗ್ತೀನಿ. ಪದದ ಕೆಳಗೆ ಪದ ಇಟ್ಟ ಹಾಗೆ ಕೂತಿದೆ. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಹಿಂದೆ. ಇನ್ನೂ ಸುಲಭ ಏನಂದ್ರೆ ಹೋಗ್ತೀನಿ, ಹೋಗ್ತೀಯ, ಹೋಗ್ತಾನೆ, ಹೋಗ್ತಾಳೆ ಎಲ್ಲಕ್ಕೂ ಒಂದೇ ‘ಕಾಯೊ’.

ಹವಾಯಿ ವಿಶ್ವವಿದ್ಯಾಲಯದ ಪ್ರಕಾಶನದವರು ತಂದಿರೋ ‘ಇಂಟಿಗ್ರೇಟೆಡ್ ಕೊರಿಯನ್’ ಬಹಳ ಹೆಸರಾದ ಪುಸ್ತಕ, ವಿವರಣೆಯೂ ಅಚ್ಚುಕಟ್ಟು. ಆದ್ರೆ ಅದು ಇಂಗ್ಲಿಷ್ ಮಾತಾಡೋ ಕಾಲೇಜು ಹುಡುಗರಿಗೆ ಬರೆದದ್ದು. ಸಂಭಾಷಣೆ ತುಂಬಾ ತರಗತಿ, ಕ್ಯಾಂಪಸ್ಸು, ಗೆಳೆಯರು. ವಿಭಕ್ತಿ ಅಂದ್ರೇನು ಅಂತ ಅವರಿಗೆ ಬಿಡಿಸಿ ಹೇಳಬೇಕು, ನಮಗೆ ‘ಅನ್ನು, ಇಂದ, ಗೆ, ಅಲ್ಲಿ’ ಅಂದ್ರೆ ಸಾಕು. ಮೇಲಾಗಿ ವರ್ಕ್‌ಬುಕ್ ಬೇರೆ ಕೊಳ್ಳಬೇಕು.

ಇಂಗ್ಲಿಷ್ ಲಿಪಿಯಲ್ಲಿ ಕೊರಿಯನ್ ಬರೆದುಕೊಂಡು ಸಾಗೋ ಪುಸ್ತಕಗಳನ್ನಂತೂ ನೋಡಿದ ತಕ್ಷಣ ಪಕ್ಕಕ್ಕಿಟ್ಟೆ. ಲೀ ಅಂತ ಬರೆಯೋ ಮನೆತನದ ಹೆಸರನ್ನು ದಕ್ಷಿಣ ಕೊರಿಯಾದಲ್ಲಿ ಬರೀ ‘ಈ’ ಅಂತಾರೆ, ಪಾರ್ಕ್ ಅನ್ನೋದರಲ್ಲಿ ರಕಾರವೇ ಇಲ್ಲ! ಮೊದಲು ಪುಸಾನ್ ಅಂತಿದ್ದ ಊರನ್ನು 2000ದ ಹೊಸ ಪದ್ಧತಿ ಬಂದ ಮೇಲೆ ಬುಸಾನ್ ಅಂತ ಬರೀತಾರೆ. ಅವರ ಲಿಪಿಯಲ್ಲಿ ಮೊದಲಿಂದಲೂ ಅದೇ ಅಕ್ಷರ. ಜಾಗ ನೋಡಿಕೊಂಡು ‘ಪ’ ಅಥವಾ ‘ಬ’. ತಮಿಳಿನ ಜೊತೆ ಇಷ್ಟು ವರ್ಷ ಏಗಿದ ನಮಗೆ ಇದೇನು ಮಹಾ?

ಅವರ ಲಿಪಿ ಹಂಗುಲ್ ಕಲಿಯೋಕೆ ನನಗೆ ಒಂದು ವಾರವೂ ಬೇಕಾಗಲಿಲ್ಲ. ಸೇಜೊಂಗ್ ಅನ್ನೋ ರಾಜ 1443ರಲ್ಲಿ ಮಾಡಿ, 1446ರಲ್ಲಿ ಪ್ರಕಟಿಸಿದ ಲಿಪಿ. 14 ವ್ಯಂಜನ, 10 ಸ್ವರ, ಒಟ್ಟು 24 ಮೂಲಾಕ್ಷರ. ನಾಲಿಗೆ, ತುಟಿ, ಗಂಟಲಿನ ಆಕಾರ ನೋಡಿ ಅಕ್ಷರ ಮಾಡಿದಾರೆ. ಕ ಇದ್ದದ್ದಕ್ಕೆ ಒಂದು ಗೆರೆ ಸೇರಿಸಿದರೆ ಖ. ವ್ಯಂಜನದ ಪಕ್ಕದಲ್ಲೋ ಕೆಳಗೋ ಸ್ವರ, ಕೊನೆಯ ವ್ಯಂಜನ ನಮ್ಮ ಒತ್ತಿನ ಹಾಗೆ ಅಡಿಯಲ್ಲಿ. ಕಾಗುಣಿತ ತಿದ್ದಿ ಬೆಳೆದವರಿಗೆ ಇದು ತವರುಮನೆಯೇ!

ಸರಿ, ನಮಗೆ ಕಷ್ಟ ಆಗೋದು ಯಾವುದು? ನನ್ನ ಕಸುಬಿನವರಿಗೆ ಮೊದಲು ಕಣ್ಣಿಗೆ ಬೀಳೋದು ಲೆಕ್ಕ. ಅವರಲ್ಲಿ ಸಂಖ್ಯೆ ಎರಡು ಥರ, ಒಂದು ಅಚ್ಚ ಕೊರಿಯನ್, ಇನ್ನೊಂದು ಚೀನೀ ಮೂಲದ್ದು. ಗಂಟೆ ಹೇಳೋಕೆ ಮೊದಲನೇದು, ನಿಮಿಷಕ್ಕೆ ಎರಡನೇದು! ದುಡ್ಡಿಗೂ ಎರಡನೇದೇ. ಹತ್ತು ಸಾವಿರಕ್ಕೆ ‘ಮಾನ್’ ಅನ್ನೋ ಬೇರೆ ಹೆಸರು. ನಮ್ಮ ಒಂದು ಲಕ್ಷ ಅವರಿಗೆ ಹತ್ತು ಮಾನ್, ಒಂದು ಕೋಟಿ ಅಂದ್ರೆ ಸಾವಿರ ಮಾನ್, ಹತ್ತು ಕೋಟಿಗೆ ‘ಒಕ್’. ಪುಸ್ತಕದಲ್ಲಿ ಈ ಪಾಠ ಸ್ಪಷ್ಟವಾಗಿಲ್ಲ ಅಂದ್ರೆ ಅಂಗಡಿಯಲ್ಲಿ ಸೊಪ್ಪು ಕೊಳ್ಳೋದೂ ಕಷ್ಟ.

ಎರಡನೇದು ಮರ್ಯಾದೆಯ ಮಾತು. ಅವರಲ್ಲೂ "ಊಟ ಆಯ್ತಾ?" ಅಂತ ಕೇಳೋದೇ ಕುಶಲ ವಿಚಾರಣೆ. ನನಗೆ ಇದು ಗೊತ್ತಾದ ದಿನ ಎಷ್ಟು ಖುಷಿ ಆಯ್ತು ಅಂತೀರಿ! ‘ಬಾಪ್’ ಅಂದ್ರೆ ಅನ್ನವೂ ಹೌದು, ಊಟವೂ ಹೌದು. ಆದ್ರೆ "ಬಾಪ್ ಮೊಗೊಸ್ಸೊಯೊ?" ಅನ್ನೋದು ಸಲಿಗೆಯವರಿಗೆ. ಬೀಗರಿಗೆ ಹಾಗನ್ನಬಾರದು, "ಶಿಕ್ಸಾ ಹಾಶ್ಯೊಸ್ಸೊಯೊ?" ಅನ್ನಬೇಕು. ಹೋಗು ಮತ್ತು ಹೋಗಿ ಇವುಗಳ ವ್ಯತ್ಯಾಸ ಗೊತ್ತಿರೋ ನಮಗೆ ತತ್ವ ಅರ್ಥ ಆಗುತ್ತೆ, ಪದ ಮಾತ್ರ ಪುಸ್ತಕವೇ ಕೊಡಬೇಕು. ಕೆಲವು ಪುಸ್ತಕಗಳು ಇದನ್ನು ಕೊನೆಯ ಪಾಠಕ್ಕೆ ತಳ್ಳಿರುತ್ತವೆ. ಗೆಳೆಯರ ಜೊತೆ ಹರಟೋಕೆ ಕಲಿಯೋರಿಗೆ ಅದು ಸರಿ, ನನಗಲ್ಲ.

ಕೊನೆಗೆ ಕೊಂಡದ್ದು ‘ಕೊರಿಯನ್ ಗ್ರಾಮರ್ ಇನ್ ಯೂಸ್’, ಬಿಗಿನಿಂಗ್ ಭಾಗ. 2010ರಲ್ಲಿ ಬಂದದ್ದು. ಇದು ವ್ಯಾಕರಣ ನೋಡಿಕೊಳ್ಳೋ ಪುಸ್ತಕ, ಇದರಿಂದಲೇ ಶುರು ಮಾಡಬೇಡಿ ಅಂತಾರೆ. ಕನ್ನಡದವರಿಗೆ ಇದರಿಂದಲೇ ಶುರು ಮಾಡಬಹುದು ಅಂತ ನನ್ನ ಅಭಿಪ್ರಾಯ. ಶುರುವಿನಲ್ಲೇ ಸಂಖ್ಯೆ, ತಾರೀಕು, ಗಂಟೆ. ಆಮೇಲೆ ಒಂದೊಂದು ಪ್ರತ್ಯಯಕ್ಕೂ ಚಿಕ್ಕ ವಿವರಣೆ, ಉದಾಹರಣೆ, ಅಭ್ಯಾಸ. ವಾಕ್ಯದ ಎಲುಬುಗೂಡು ನಮ್ಮ ತಲೆಯಲ್ಲಿ ಮೊದಲೇ ಇರೋದರಿಂದ ಪ್ರತ್ಯಯ ಸಿಕ್ಕಿದರೆ ಸಾಕು, ಜೋಡಿಸಿಕೊಳ್ತೀವಿ. ಕೊರತೆ ಇರೋದು ಕಿವಿಗೆ. ಉಚ್ಚಾರ ಪುಸ್ತಕದಿಂದ ಬರಲ್ಲ. ಅದಕ್ಕೆ ಭಾನುವಾರ ಒಂದು ಗಂಟೆ ಸೊಸೆಯೇ ಮೇಷ್ಟ್ರು.

ಇಷ್ಟರಲ್ಲಿ ಕಲಿತ ಪದಗಳಲ್ಲಿ ನನಗೆ ಬಲು ಇಷ್ಟವಾದದ್ದು ‘ಸಾದೊನ್’. ಹಾಗಂದ್ರೆ ಬೀಗರು! ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಪದ ಇಲ್ಲ, ಮಗನ ಹೆಂಡತಿಯ ತಂದೆತಾಯಿ ಅಂತ ಸುತ್ತಿ ಬಳಸಿ ಹೇಳಬೇಕು. ಕನ್ನಡದಲ್ಲಿದೆ, ಕೊರಿಯನ್ನಿನಲ್ಲಿದೆ. ಈ ಒಂದು ಪದ ಸಿಕ್ಕ ಮೇಲೆ ದೇಗು ಅಷ್ಟೇನೂ ದೂರ ಅನ್ನಿಸ್ತಿಲ್ಲ.

ಈಗ ಸೊಸೆಯ ಸರದಿ. "ಅವಳೂ ಕನ್ನಡ ಕಲೀತಾಳಂತೆ, ಒಂದು ಒಳ್ಳೆ ಪುಸ್ತಕ ಹೇಳಮ್ಮ" ಅಂದ ಮಗ. ಅವನು ಚೆನ್ನೈನಲ್ಲಿ ಬೆಳೆದವನು, ಕನ್ನಡ ಮಾತಾಡ್ತಾನೆ, ಓದೋಕೆ ತಡವರಿಸ್ತಾನೆ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಕಲಿಸೋ ಪುಸ್ತಕ ಬೇಡ, ಅ ಆ ಇ ಈ ಇಂದಲೇ ಶುರುವಾಗಬೇಕು, ಅತ್ತೆ ಮಾವನ ಜೊತೆ ಹೇಗೆ ಮಾತಾಡಬೇಕು ಅನ್ನೋದು ಮೊದಲ ಪಾಠಗಳಲ್ಲೇ ಇರಬೇಕು. ಅಂಥದ್ದು ನಿಮಗೆ ಗೊತ್ತಿದ್ರೆ ದಯವಿಟ್ಟು ಹೇಳಿ. ಒಂದಲ್ಲ, ಎರಡು ಪ್ರತಿ ಕೊಳ್ತೀನಿ.