ಮಗ ಎಲ್ಲಿ ಎಂದು ಕೇಳುವ ಹಕ್ಕು

ಮೂಲಭೂತ ಹಕ್ಕುಗಳ ಪಾಠ ಮಾಡುವುದೆಂದರೆ ನಮಗೆ ಮೇಷ್ಟ್ರುಗಳಿಗೆ ಖುಷಿ. ಸಮಾನತೆ, ಸ್ವಾತಂತ್ರ್ಯ ಎಂದು ಬೋರ್ಡಿನಲ್ಲಿ ಒಂದೊಂದಾಗಿ ಬರೆದು ಮುಗಿಸಿದರೆ ಏನೋ ಸಮಾಧಾನ. ಕಷ್ಟವಾಗುವುದು ತುರ್ತುಪರಿಸ್ಥಿತಿಯ ವಿಷಯ ಬಂದಾಗ. ಒಮ್ಮೆ ನಮ್ಮ ತರಗತಿಯ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು: "ಹಕ್ಕು ಕೊಟ್ಟದ್ದೂ ಸಂವಿಧಾನ, ಅದನ್ನು ನಿಲ್ಲಿಸಲಿಕ್ಕೆ ಬಿಟ್ಟದ್ದೂ ಸಂವಿಧಾನ. ಹಾಗಾದರೆ ಕೊಟ್ಟದ್ದೇನು ಸರ್?"

ಇದು ಬಹಳ ಹಳೆಯ ಪ್ರಶ್ನೆ. ಪ್ರಾಚೀನ ರೋಮಿನವರು ಆಪತ್ತಿನ ಕಾಲಕ್ಕೆ ಒಬ್ಬನಿಗೆ ಪೂರ್ತಿ ಅಧಿಕಾರ ಕೊಡುತ್ತಿದ್ದರು, ಆದರೆ ಹೆಚ್ಚೆಂದರೆ ಆರು ತಿಂಗಳು. ಕ್ರಿ.ಪೂ. 44ರಲ್ಲಿ ಸೀಸರ್ ಆ ಹುದ್ದೆಯನ್ನು ಜೀವನಪೂರ್ತಿಗೆ ಪಡೆದ. ಜರ್ಮನಿಯ ಸಂವಿಧಾನದ 48ನೇ ವಿಧಿಯನ್ನು ಹಿಡಿದು 1933ರ ಫೆಬ್ರವರಿ 28ರಂದು ಹೊರಡಿಸಿದ ಆಜ್ಞೆ, ಹಿಟ್ಲರನ ಆಡಳಿತ ಮುಗಿಯುವವರೆಗೂ ಜಾರಿಯಲ್ಲಿತ್ತು. ಎರಡೂ ಕಡೆ ಬಾಗಿಲು ತೆರೆದದ್ದು ಕಾನೂನೇ!

ನಮ್ಮ ದೇಶದಲ್ಲಿ 1975ರ ಜೂನ್ 25ರ ರಾತ್ರಿ, 352ನೇ ವಿಧಿಯಂತೆ, "ಆಂತರಿಕ ಕ್ಷೋಭೆ"ಯ ಕಾರಣ ಕೊಟ್ಟು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಎರಡೇ ದಿನದಲ್ಲಿ, 14, 21, 22ನೇ ವಿಧಿಗಳಿಗಾಗಿ ಕೋರ್ಟಿಗೆ ಹೋಗುವಂತಿಲ್ಲವೆಂದು ರಾಷ್ಟ್ರಪತಿಗಳ ಆದೇಶ ಬಂತು. ನಲವತ್ತು ದಾಟಿದ ನಮಗೂ ಇದು ಹುಟ್ಟುವ ಮೊದಲಿನ ಮಾತು. ಮಕ್ಕಳಿಗೆ ಬರೀ ವಿಧಿಗಳ ನಂಬರು ಹೇಳಿದರೆ ಏನೂ ತಲೆಗೆ ಹೋಗುವುದಿಲ್ಲ. ಅದಕ್ಕೆ ನಾವು ನಮ್ಮ ಕೇರಳದ್ದೇ ಕಥೆ ಹೇಳುತ್ತೇವೆ.

ಕಲ್ಲಿಕೋಟೆಯ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನನ್ನು 1976ರ ಮಾರ್ಚ್ 1ರಂದು ಪೊಲೀಸರು ಹಿಡಿದುಕೊಂಡು ಹೋದರು. ಅವನ ತಂದೆ ಟಿ.ವಿ. ಈಚರ ವಾರಿಯರ್ ನಮ್ಮಂತೆಯೇ ಪಾಠ ಮಾಡುವವರು, ಹಿಂದಿ ಅಧ್ಯಾಪಕರು. ಅಧಿಕಾರಿಗಳ, ಮಂತ್ರಿಗಳ ಬಾಗಿಲು ಬಾಗಿಲು ಅಲೆದರು. ಮಗ ಎಲ್ಲಿ ಎಂದು ಯಾರೂ ಹೇಳಲಿಲ್ಲ.

ಹಿಡಿದುಕೊಂಡು ಹೋದವನನ್ನು ತಂದು ತೋರಿಸಿ ಎಂದು ಕೋರ್ಟಿನಲ್ಲಿ ಕೇಳುವ ಅರ್ಜಿಗೆ ಹೇಬಿಯಸ್ ಕಾರ್ಪಸ್ ಎನ್ನುತ್ತಾರೆ. ರಾಜನ್ ಕಾಣೆಯಾಗಿ ಎರಡು ತಿಂಗಳು ತುಂಬುವ ಮೊದಲೇ, ಏಪ್ರಿಲ್ 28ರಂದು, ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲನ್ನೂ ಮುಚ್ಚಿತು. ಐವರಲ್ಲಿ ನಾಲ್ವರು ನ್ಯಾಯಾಧೀಶರು ಸರಕಾರದ ವಾದ ಒಪ್ಪಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಅವರ ಹಿರಿತನವನ್ನು ಬದಿಗಿಟ್ಟು ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದರು, ಅವರು ರಾಜೀನಾಮೆ ಕೊಟ್ಟರು.

1977ರ ಮಾರ್ಚ್ 21ಕ್ಕೆ ತುರ್ತುಪರಿಸ್ಥಿತಿ ಮುಗಿಯಿತು. ಅದೇ ತಿಂಗಳು ವಾರಿಯರ್ ಕೇರಳ ಹೈಕೋರ್ಟಿಗೆ ಅರ್ಜಿ ಹಾಕಿದರು. ಮಗ ಪೊಲೀಸರ ವಶದಲ್ಲೇ ತೀರಿಹೋದನೆಂದು ಕೊನೆಗೆ ಸರಕಾರವೇ ಒಪ್ಪಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಗೃಹಮಂತ್ರಿಯಾಗಿದ್ದ ಕೆ. ಕರುಣಾಕರನ್, ಮುಖ್ಯಮಂತ್ರಿಯಾಗಿ ಒಂದು ತಿಂಗಳಾಗುವಷ್ಟರಲ್ಲಿ ಕುರ್ಚಿ ಬಿಡಬೇಕಾಯಿತು. ಆದರೆ ಆ ತಂದೆಗೆ ಮಗನ ಶವವೂ ಸಿಗಲಿಲ್ಲ. ಇಷ್ಟು ಹೇಳುವಾಗ ತರಗತಿ ಸದ್ದಿಲ್ಲದೆ ಕೂತಿರುತ್ತದೆ.

1978ರ 44ನೇ ತಿದ್ದುಪಡಿ "ಆಂತರಿಕ ಕ್ಷೋಭೆ"ಯನ್ನು ತೆಗೆದು "ಸಶಸ್ತ್ರ ದಂಗೆ" ಎಂದು ಬರೆಯಿತು. 20 ಮತ್ತು 21ನೇ ವಿಧಿಗಳ ರಕ್ಷಣೆಯನ್ನು ಯಾವ ತುರ್ತುಪರಿಸ್ಥಿತಿಯಲ್ಲೂ ನಿಲ್ಲಿಸುವಂತಿಲ್ಲ ಎಂದಿತು. ಜಬಲ್ಪುರ ತೀರ್ಪು ಪೂರ್ತಿ ರದ್ದಾದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಹಿಂದಿನ ನಾಲ್ವರಲ್ಲಿ ಒಬ್ಬರು ವೈ.ವಿ. ಚಂದ್ರಚೂಡ್. ಅಪ್ಪನ ತೀರ್ಪು ತಪ್ಪೆಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ಇಲ್ಲಿ ನಾವು ಗಡಿಯವರು ಗಮನಿಸಬೇಕಾದ ಒಂದು ಸಂಗತಿ ಇದೆ. ತಿದ್ದುಪಡಿ ಉಳಿಸಿಕೊಟ್ಟದ್ದು ಎರಡು ವಿಧಿಗಳನ್ನು ಮಾತ್ರ. ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಟ್ಟ 30ನೇ ವಿಧಿ ಅದರಲ್ಲಿಲ್ಲ. ಓಟಿನ ಲೆಕ್ಕದಲ್ಲಿ ಸಣ್ಣವರಾದ ನಮಗೆ ಕೋರ್ಟಿಗೆ ಹೋಗುವ ದಾರಿಯೇ ಬಲ. ಆ ದಾರಿ ಮುಚ್ಚಿದರೆ ಪುಸ್ತಕದಲ್ಲಿ ಹಕ್ಕು ಇದ್ದೂ ಇಲ್ಲದ ಹಾಗೆ.

ಆ ಹುಡುಗಿಗೆ ನಾವು ಹೇಳಿದ್ದು ಇಷ್ಟೇ: ಆಪತ್ತು ಬಂದಾಗ ಸರಕಾರಕ್ಕೆ ಹೆಚ್ಚು ಅಧಿಕಾರ ಬೇಕಾಗಬಹುದು ಮಗಾ. ಆದರೆ ಎಷ್ಟು ದಿನಕ್ಕೆ ಎಂದು, ಹಿಡಿದುಕೊಂಡು ಹೋದವರು ಎಲ್ಲಿ ಎಂದು ಕೇಳುವ ಜಾಗ ಒಂದು ತೆರೆದಿರಬೇಕು. ಕೇಳುವವರೂ ಇರಬೇಕು.