ಕೊಂಡರೂ ನಮ್ಮದಾಗದ ವಸ್ತು

ದುಡ್ಡು ಕೊಟ್ಟು ಕೊಂಡದ್ದು ನಮ್ಮದು ಎಂಬುದು ಗೃಹಿಣಿಯರಾದ ನಾವೆಲ್ಲ ಬಲ್ಲ ಲೆಕ್ಕ. ಒರಳುಕಲ್ಲಿರಲಿ, ಹೊಲಿಗೆ ಯಂತ್ರವಿರಲಿ, ಮನೆ ಬದಲಿಸಿದರೆ ಜೊತೆಗೇ ಬರುತ್ತದೆ. ನೆರೆಯವರಿಗೆ ಕಡ ಕೊಡಬಹುದು, ಹಳತಾದರೆ ಮಾರಬಹುದು. ಆದರೆ ಕಂಪ್ಯೂಟರಿನೊಳಗೆ ಕೆಲಸ ಮಾಡುವ ಸಾಫ್ಟ್‌ವೇರ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ.

ನನ್ನ ನಾದಿನಿ ಮೂಡಲಗಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ನಡೆಸುತ್ತಾಳೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಶಾಲೆಯ ಪ್ರಶ್ನೆಪತ್ರಿಕೆ, ಇವೇ ಅವಳ ಸಂಸಾರದ ಆಧಾರ. ಹೋದ ವರ್ಷ ಲಗ್ನದ ಸುಗ್ಗಿಯಲ್ಲೇ ಭರಣಿ ಮಳೆಯ ಸಿಡಿಲಿಗೆ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ನಮ್ಮ ಗೋಕಾಕದಿಂದ ಹೋದ ಮೆಕ್ಯಾನಿಕ್ ಹುಡುಗ ಹೊಸ ಬೋರ್ಡ್ ಹಾಕಿ ಒಂದೇ ದಿನದಲ್ಲಿ ಯಂತ್ರ ಚಾಲೂ ಮಾಡಿಕೊಟ್ಟ. ಆದರೆ ಕನ್ನಡ ಅಕ್ಷರದ ಸಾಫ್ಟ್‌ವೇರ್ ಮಾತ್ರ ಬಾಯಿ ಬಿಡಲೊಲ್ಲದು! ಈ ಯಂತ್ರಕ್ಕೆ ಪರವಾನಗಿ ಇಲ್ಲವೆಂದು ಪರದೆಯ ಮೇಲೆ ಒಂದೇ ಸಾಲು.

ರಾತ್ರಿ ಅವಳ ಫೋನ್ ಬಂತು. "ವೈನಿ, ರೊಕ್ಕಾ ಕೊಟ್ಟ ತಗೊಂಡೇನ್ರಿ, ಬಿಲ್ಲೂ ಐತಿ. ಕಂಪನಿಯವ್ರು ಇದು ಹೊಸಾ ಯಂತ್ರ, ಮತ್ತ ರೊಕ್ಕಾ ಕಟ್ರಿ ಅಂತಾರ. ಗಿರಾಕಿಗಳ ಹಳೇ ಫೈಲೂ ತೆರೀವಲ್ದು. ಏನ್ ಮಾಡ್ಲಿ?"

ಅವಳಿಗೆ ಏನು ಹೇಳಲಿ? ಹನ್ನೆರಡು ದಿನ ಕೆಲಸ ನಿಂತಿತು. ಮುಂಗಡ ಕೊಟ್ಟಿದ್ದ ಮೂರು ಮನೆಯವರು ಪತ್ರಿಕೆ ಮುದ್ರಿಸಲು ಗೋಕಾಕಕ್ಕೆ ಹೋದರು. ಪತ್ರ, ಬಿಲ್ಲು, ಫೋನು ಎಲ್ಲ ಆದ ಮೇಲೆ "ಇದೊಂದು ಸಲ ಮಾತ್ರ" ಎಂದು ಕಂಪನಿ ಹೊಸ ಕೀಲಿಸಂಖ್ಯೆ ಕೊಟ್ಟಿತು.

ಇದು ನಡೆಯುವ ರೀತಿ ಹೀಗೆ. ಸಾಫ್ಟ್‌ವೇರನ್ನು ಹಾಕಿದಾಗ ಅದು ಮದರ್‌ಬೋರ್ಡ್, ಹಾರ್ಡ್ ಡಿಸ್ಕ್ ಮುಂತಾದ ಭಾಗಗಳ ಗುರುತಿನ ಸಂಖ್ಯೆಗಳನ್ನು ಓದಿ, ಯಂತ್ರದ ಹೆಬ್ಬೆಟ್ಟಿನ ಗುರುತನ್ನೇ ಮಾಡಿಟ್ಟುಕೊಳ್ಳುತ್ತದೆ. ಕಂಪನಿ ಕೊಡುವ ಕೀಲಿ ಆ ಗುರುತಿಗೆ ಮಾತ್ರ ಹೊಂದುತ್ತದೆ. ಮುಖ್ಯ ಭಾಗ ಬದಲಾದರೆ ಗುರುತೂ ಬದಲು! ಇನ್ನೊಂದು ಬಗೆ ಡಾಂಗಲ್. ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಬೀಗ. ಪುಣೆಯ ಶ್ರೀಲಿಪಿಗೆ ಇಂಥ ಬೀಗ ಬರುತ್ತಿದ್ದುದನ್ನು ಡಿಟಿಪಿ ಕೆಲಸದವರೆಲ್ಲ ಬಲ್ಲರು. ಅದನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕಬಹುದೆಂಬುದು ಅನುಕೂಲ, ಕಳೆದರೆ ಕೆಲಸವೇ ಬಂದ್ ಎಂಬುದು ಭಯ.

ವಿಂಡೋಸಿನ ಕಥೆಯೂ ಕೇಳಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಿನಿಂದ ಸಾಮಾನ್ಯ ಗಿರಾಕಿಗಳಿಗೂ ಈ ಯಂತ್ರದ ಗುರುತಿನ ಪದ್ಧತಿ ಬಂತು. ಹೊಸ ಕಂಪ್ಯೂಟರಿನ ಜೊತೆಗೇ ಬರುವ ವಿಂಡೋಸ್ ಆ ಯಂತ್ರದ ಜೊತೆಗೇ ಮುಗಿಯುವಂಥದು. ಬೇರೆಯಾಗಿ ಕೊಂಡದ್ದಾದರೆ ಇನ್ನೊಂದು ಯಂತ್ರಕ್ಕೆ ಒಯ್ಯಬಹುದು. ಇದನ್ನು ಬಿಡಿಸಿ ಹೇಳುವ ಅಂಗಡಿಯವರು ಎಷ್ಟು ಜನ?

ಕಾನೂನಿನ ವಿನೋದವನ್ನೂ ನೋಡಿ. ಡಿಸ್ಕಿನಲ್ಲಿ ಮಾರುವ ಸಾಫ್ಟ್‌ವೇರ್ ಕೂಡ ಸರಕೇ, ಅದಕ್ಕೆ ಮಾರಾಟ ತೆರಿಗೆ ಹಾಕಬಹುದು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೆರಿಗೆಯ ಹೊತ್ತಿಗೆ ಸರಕು, ನಮ್ಮ ಕೈಗೆ ಬಂದಾಗ ಬರೀ ಪರವಾನಗಿ! ಆದರೂ ಹಾಳಾದರೆ ಬೇಕಾದೀತೆಂದು ಒಂದು ಕಾಪಿ ಇಟ್ಟುಕೊಳ್ಳಲು 1957ರ ನಮ್ಮ ಕಾಪಿರೈಟ್ ಕಾಯಿದೆಯಲ್ಲೇ ಅವಕಾಶವಿದೆ. ಬೀಗ ಹಾಕಿದ ಮೇಲೆ ಆ ಕಾಪಿಯಿಂದ ಏನು ಫಲ ಎಂಬುದು ನನ್ನ ಪ್ರಶ್ನೆ.

ಕಂಪನಿಗಳ ಮಾತಿನಲ್ಲಿಯೂ ಸತ್ಯವಿಲ್ಲದಿಲ್ಲ. ಒಂದು ಕೊಂಡು ಹತ್ತು ಅಂಗಡಿಯವರು ಹಂಚಿಕೊಂಡರೆ ಮಾಡಿದವರ ಹೊಟ್ಟೆ ತುಂಬುವುದು ಹೇಗೆ? ಆದರೆ ಬೀಗ ಕಳ್ಳನಿಗಿರಲಿ, ಮನೆಯೊಡತಿಯನ್ನೇ ಹೊರಗೆ ನಿಲ್ಲಿಸಬಾರದು.

ಎಲ್ಲ ಕಡೆಯೂ ಹೀಗೇ ಎಂದಲ್ಲ. ಹುಕ್ಕೇರಿಯಲ್ಲಿ ನನ್ನ ಅಣ್ಣ ತನ್ನ ಕಿರಾಣಿ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾನೆ. ಹಳೆಯ ಕಂಪ್ಯೂಟರ್ ತೆಗೆಯುವ ಮೊದಲೇ ಅದರಲ್ಲಿದ್ದ ಲೈಸೆನ್ಸನ್ನು ಬಿಟ್ಟುಕೊಟ್ಟು, ಹೊಸದರಲ್ಲಿ ಮತ್ತೆ ಪಡೆದ. ಅರ್ಧ ತಾಸಿನ ಕೆಲಸ. ಆದರೆ ಯಂತ್ರ ಜೀವಂತ ಇರುವಾಗಲೇ ಅದನ್ನು ಮಾಡಿದ್ದರಿಂದ ಇಷ್ಟು ಸುಲಭವಾಯಿತು. ಸಿಡಿಲು ಹೇಳಿ ಬರುವುದಿಲ್ಲವಲ್ಲ!

ಆದ್ದರಿಂದ ಸೋದರಿಯರೇ, ಸೀರೆಯ ಸೆರಗು ತಿರುವಿ ನೋಡುವಷ್ಟೇ ಎಚ್ಚರ ಇಲ್ಲಿಯೂ ಇರಲಿ. ಹಣ ಕೊಡುವ ಮೊದಲು ಮೂರು ಮಾತು ಕೇಳಿ. ಯಂತ್ರ ಕೆಟ್ಟರೆ ಇದನ್ನು ಬೇರೆ ಯಂತ್ರಕ್ಕೆ ಒಯ್ಯಬಹುದೇ? ಎಷ್ಟು ಸಲ? ಕಂಪನಿ ಮುಚ್ಚಿದರೆ ಕೀಲಿ ಕೊಡುವವರು ಯಾರು? ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ, ಬಿಲ್ಲನ್ನು ಒಡವೆಯ ಚೀಟಿಯಂತೆ ಜೋಪಾನ ಮಾಡಿ. ಕೆಲಸದ ಫೈಲುಗಳನ್ನು ಬೇರೆ ಡಿಸ್ಕಿನಲ್ಲಿಯೂ ಇಡಿ. ಕನ್ನಡವನ್ನು ಯೂನಿಕೋಡಿನಲ್ಲಿ ಬರೆದಿಟ್ಟರೆ ಒಂದೇ ಸಾಫ್ಟ್‌ವೇರಿನ ಹಂಗಿರುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯಂಥದು ಉಚಿತವಾಗಿಯೇ ಸಿಕ್ಕಿದೆ. ಲಿನಕ್ಸ್, ಲಿಬ್ರೆ ಆಫೀಸಿನಂಥವನ್ನು ಎಷ್ಟು ಯಂತ್ರಗಳಿಗೆ ಬೇಕಾದರೂ ಹಾಕಿಕೊಳ್ಳಬಹುದು. ನಮ್ಮ ದುಡಿಮೆಯ ಬಾಗಿಲಿನ ಕೀಲಿಕೈ ನಮ್ಮ ಸೆರಗಿನಲ್ಲೇ ಇರುವುದು ಲೇಸು.