88.9 ಮಿಲಿಮೀಟರ್

ಸರಸಂಬಾ ಊರಿನ ಬೇವಿನ ಗಿಡದ ಕೆಳಗೆ ಜೀಪಿನ ಎಂಜಿನ್ ಬಿಚ್ಚಿದೆ. ಸಿಲಿಂಡರ್ ಹೆಡ್ಡು ಗೋಣಿಚೀಲದ ಮೇಲಿದೆ. ಮಿಸ್ತ್ರಿ ಕಾಕಾ ಡೀಸೆಲ್ಲಿನಲ್ಲಿ ಅದ್ದಿದ ಅರಿವೆಯಿಂದ ಒಂದನೇ ಬೋರ್, ಅಂದರೆ ಪಿಸ್ಟನ್ ಓಡಾಡುವ ದುಂಡು ರಂಧ್ರ, ಒರೆಸುತ್ತಿದ್ದಾರೆ. ಮಾಲಕರ ಮಗ ಆರ್‌ಸಿ ಬುಕ್ ಹಿಡಿದು ನಿಂತಿದ್ದಾನೆ. ಅದರಲ್ಲಿ ಬರೆದಿರುವುದು ಮಹೀಂದ್ರ ಎಂಎಂ 540. ಕಂಕುಳಲ್ಲಿ ಅದೇ ಗಾಡಿಯ ಕಂಪನಿ ಮ್ಯಾನುಯಲ್ಲಿನ ಜೆರಾಕ್ಸ್, ಮೂಲೆಗಳೆಲ್ಲ ಗ್ರೀಸಾಗಿವೆ.

"ಮ್ಯಾನುಯಲ್ ಬುಕ್ಕಿನಾಗ ಬೋರ್ ತೊಂಬತ್ತ್ ಅದ ರೀ, ಕಾಕಾ."

"ಬುಕ್ ಬಾಜೂಕ್ ಇಡು. ವರ್ನಿಯರ್ ಕೊಡು ಮೊದ್ಲ."

ವರ್ನಿಯರಿನ ಮೇಲಿನ ಎರಡು ಸಣ್ಣ ಕೊಂಬುಗಳನ್ನು ಬೋರಿನೊಳಗೆ ಇಳಿಸುತ್ತಾರೆ. ನಡುವೆ ಅಲ್ಲ, ತೀರ ಮೇಲಿನ ಅಂಚಿನಲ್ಲಿ. ಪಿಸ್ಟನ್ನಿನ ರಿಂಗು ಅಲ್ಲಿಯವರೆಗೆ ಏರುವುದಿಲ್ಲ, ಹಾಗಾಗಿ ಲೋಹ ಸವೆದಿರುವುದಿಲ್ಲ, ಮೂಲ ಅಳತೆ ಅಲ್ಲೇ ಉಳಿದಿರುತ್ತದೆ. ನಾನೂ ಬಗ್ಗಿ ನೋಡುತ್ತೇನೆ. ಗೆರೆಗಳು ಕೂಡುವುದು 88.9ಕ್ಕೆ. ಸರಿಯಾಗಿ ಮೂರೂವರೆ ಇಂಚು.

"ಇದು ಪ್ಯೂಜೋ ಎಂಜಿನ್ ಅಲ್ಲಪ್ಪಾ. ಎಂಡಿಐ ಅದ."

ಹುಡುಗನ ಮುಖ ಬಾಡುತ್ತದೆ. ಆದರೆ ಇಡೀ ಕೆಲಸದ ಗಂಟು ಬಿಚ್ಚಿಕೊಂಡದ್ದು ಈಗಲೇ. ಪ್ಯೂಜೋ ಪರವಾನಗಿಯಲ್ಲಿ ಮಹೀಂದ್ರ ತಯಾರಿಸಿ ಎಂಎಂ 540ರಲ್ಲಿ ಕೂರಿಸಿದ ಎಕ್ಸ್‌ಡಿಪಿ 4.90 ಎಂಜಿನ್ನಿನ ಅಳತೆ ಅದರ ಹೆಸರಿನಲ್ಲೇ ಇದೆ: ನಾಲ್ಕು ಸಿಲಿಂಡರ್, ಒಂದೊಂದೂ 90 ಮಿಲಿಮೀಟರ್, ಒಟ್ಟು 2112 ಸಿಸಿ. ಎಂಡಿಐ 2523 ಸಿಸಿಯದು, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರಾಕ್ಟರಿನ ವಂಶದ್ದು. ತೊಗರಿ ಬೆಳೆಯುವ ಈ ಸೀಮೆಯಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಲೇ ಕೈ ಪಳಗಿಸಿಕೊಂಡ ಮಿಸ್ತ್ರಿಗಳಿಗೆ ಅದು ಅಪರಿಚಿತವಲ್ಲ. ಯಾವ ಕಾಲದಲ್ಲೋ ಯಾವ ಮಾಲಕರೋ ಪ್ಯೂಜೋ ಇಳಿಸಿ ಎಂಡಿಐ ಕೂರಿಸಿದ್ದಾರೆ. ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ನಮೂದಾಗಬೇಕು. ಇದರಲ್ಲಿ ಆಗಿಲ್ಲ. ಎರಡು ಎಂಜಿನ್ನುಗಳ ಬೋರಿನ ಅಂತರ 1.1 ಮಿಲಿಮೀಟರ್ ಮಾತ್ರ. ಕಣ್ಣಳತೆಗೆ ಸಿಗದ ಈ ಅಂತರ ಪಿಸ್ಟನ್ನನ್ನು ಒಳಗೆ ಬಿಡುವುದಿಲ್ಲ.

ಹಳೆಯ ಜೀಪಿನವರೆಲ್ಲ ಮಾಡೆಲ್ ಹೆಸರು ಹೇಳಿ ಪಾರ್ಟು ಕೇಳುತ್ತಾರೆ, ವರ್ಷ ನೋಡಿ ಮ್ಯಾನುಯಲ್ ಹುಡುಕುತ್ತಾರೆ. ಹತ್ತು ಕೈ ದಾಟಿ ಬಂದ ಗಾಡಿಯಲ್ಲಿ ಹೆಸರು ಬಾನೆಟ್ಟಿನದ್ದು ಮಾತ್ರ, ಅದರ ಕೆಳಗಿರುವುದು ಬೇರೆಯೇ ಆಗಿರಬಹುದು. ಆದ್ದರಿಂದ ಕಾಕಾ ಎಂಜಿನ್ನಿಗೇ ನಿಲ್ಲಿಸುವುದಿಲ್ಲ. ಚಾಪೆ ಎಳೆದುಕೊಂಡು ಹಿಂದಿನ ಆಕ್ಸಲ್ ಕೆಳಗೆ ಮಲಗುತ್ತಾರೆ. ಕವರ್ ಬಿಚ್ಚಿದ್ದೇ ಕಪ್ಪು ಎಣ್ಣೆ ಬುಟ್ಟಿಗೆ ಸುರಿಯುತ್ತದೆ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಒಳಗಿನ ಕ್ರೌನ್ ಗೇರಿನ ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ ಮೆಲ್ಲಗೆ ತಿರುಗಿಸುತ್ತ ಎಣಿಸುತ್ತಾರೆ. ಕ್ರೌನಿಗೆ 43, ಅದನ್ನು ತಿರುಗಿಸುವ ಪಿನಿಯನ್ ಗೇರಿಗೆ 8. ಭಾಗಿಸಿದರೆ 5.38. ಇನ್ನು ಕೆಲವು ಜೀಪುಗಳಲ್ಲಿ 39ಕ್ಕೆ 8, ಅಂದರೆ 4.88. ಹಿಂದೆ ಒಂದು ಬಗೆ, ಮುಂದೆ ಇನ್ನೊಂದು ಬಗೆ ಕೂತಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಆಕ್ಸಲ್ ಒಂದನ್ನೊಂದು ಎಳೆದಾಡತೊಡಗುತ್ತವೆ. ಎರೆ ಹೊಲದ ರಾಡಿಯಲ್ಲಿ ಗಾಲಿ ಜಾರಿ ಆ ಎಳೆದಾಟ ಮುಚ್ಚಿಹೋಗುತ್ತದೆ, ಡಾಂಬರು ರಸ್ತೆಯಲ್ಲಿ ಗೇರೇ ಮುರಿಯಬಹುದು. ಮುಂದಿನ ಆಕ್ಸಲ್ಲಿನ ಹಲ್ಲುಗಳನ್ನೂ ಎಣಿಸುತ್ತಾರೆ. ಅಲ್ಲಿಯೂ 43, 8. ಹುಡುಗ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ.

ಆಳಂದ ದಾಟಿ ಕಲಬುರಗಿಗೆ ಬಂದಾಗ ಬಿಸಿಲು ಇಳಿದಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಯ ಮಾಲಕರು ಜೀಪು ಯಾವುದು ಎಂದು ಕೇಳುವುದೇ ಇಲ್ಲ.

"ಹಳೀದು ತಂದೀರೇನ್ರಿ?"

ಕಾಕಾ ಚೀಲದಿಂದ ಪಿಸ್ಟನ್ ತೆಗೆದು ಕೌಂಟರಿನ ಮೇಲೆ ಇಡುತ್ತಾರೆ. ಎಂಡಿಐ ಸಾಮಾನು ಸಿಗುವುದು ಅಷ್ಟು ಕಷ್ಟವಲ್ಲ, ಬೊಲೆರೋದಲ್ಲೂ ಬಹುಕಾಲ ಇದೇ 2523 ಸಿಸಿ ಎಂಜಿನ್ ಇತ್ತು. ರಿಂಗಿನ ಡಬ್ಬಿ ತೆರೆದು ಮೇಲೆ ಮುದ್ರಿಸಿದ ಅಳತೆಯನ್ನು ಮೂವರೂ ಓದುತ್ತೇವೆ. ಎಂಜಿನ್ನಿನ ಶಕ್ತಿಯನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ಒಂದು ಶಾಫ್ಟ್ ಬೇಕು, ಅದು ಮಾತ್ರ ಇಲ್ಲಿ ಇಲ್ಲ. ಸೊಲ್ಲಾಪುರದಲ್ಲಿ ಕೇಳಬೇಕು, ಅಲ್ಲಿಲ್ಲದಿದ್ದರೆ ಸಿಕಂದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆ, ಕೊನೆಗೆ ದಿಲ್ಲಿಯ ಕಶ್ಮೀರಿ ಗೇಟ್.

ಆ ಕೇಸಿನ ಕಥೆ ದೊಡ್ಡದು. ಡಾನಾ 18 ಎಂಬ ಅದೇ ಪೆಟ್ಟಿಗೆ ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿತ್ತು. ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸುತ್ತಲೇ ಮಹೀಂದ್ರ ಬೆಳೆಯಿತು, ಪೆಟ್ಟಿಗೆಯೂ ಜೊತೆಗೆ ಬಂತು. ಹಾಗಾಗಿ ಅಮೆರಿಕನ್ ಸೇನೆ 1944ರಲ್ಲಿ ಅಚ್ಚು ಹಾಕಿಸಿದ ಟಿಎಂ 9-803 ಕೈಪಿಡಿ ಇವತ್ತಿಗೂ ಜೀಪಿನವರ ಕೈಯಲ್ಲಿ ಉಳಿದಿದೆ. ವಿನ್ಯಾಸ ಅರ್ಥವಾಗಲು ಅದು ಸಾಕು, ಅಳತೆಗೆ ಸಾಲದು. ಯುದ್ಧಕಾಲದ ಕೇಸಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್ ಮುಕ್ಕಾಲು ಇಂಚಿನದು. ಅದು ಬಲು ಬೇಗ ಸವೆಯುತ್ತಿದ್ದುದರಿಂದ ಮುಂದೆ ಒಂದೂ ಕಾಲು ಇಂಚಿನವರೆಗೂ ಬೆಳೆಯಿತು. ಹಳೆಯ ಪುಸ್ತಕ ನಂಬಿ ಶಾಫ್ಟ್ ತರಿಸಿದವರ ಹಣ ಮುಳುಗಿದಂತೆಯೇ.

ಹಾಗೆಂದು ಮ್ಯಾನುಯಲ್ ಬೇಡವೆಂದಲ್ಲ. ರಿಂಗನ್ನು ಬೋರಿನಲ್ಲಿಟ್ಟಾಗ ಅದರ ಎರಡು ತುದಿಗಳ ನಡುವೆ ಎಷ್ಟು ಸಂದು ಇರಬೇಕು, ಹೆಡ್ಡಿನ ಬೋಲ್ಟುಗಳನ್ನು ಯಾವ ಸರತಿಯಲ್ಲಿ ಎಷ್ಟು ಬಿಗಿಯಬೇಕು ಎಂಬುದನ್ನು ಯಾವ ಪಳಗಿದ ಕೈಯೂ ಊಹಿಸಬಾರದು. ಅಂಗಡಿಯಲ್ಲೇ ಹುಡುಗ ಎಂಡಿಐ ಮ್ಯಾನುಯಲ್ಲಿನ ಪುಟಗಳನ್ನು ಮೊಬೈಲಿಗೆ ಇಳಿಸಿಕೊಳ್ಳುತ್ತಾನೆ. ಕಾಕಾ ಕನ್ನಡಕ ಏರಿಸಿ, "ಗ್ಯಾಪಿಂದು ಓದು," ಎನ್ನುತ್ತಾರೆ.

ನಿಮ್ಮ ಮನೆಯಲ್ಲೂ ಹಳೆಯ ಜೀಪು ಇದ್ದರೆ ಪೇಟೆಗೆ ಹೋಗುವ ಮುಂಚೆ ಎಂಜಿನ್ ಬ್ಲಾಕಿನ ಮೇಲಿನ ಕೊಳೆ ಕೆರೆದು ನಂಬರು ಓದಿ, ಬೋರ್ ಅಳೆಯಿರಿ, ಹಲ್ಲು ಎಣಿಸಿ, ಅವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗಾಡಿಯಲ್ಲೇ ಇಡಿ. ಹೊಸ ಪಾರ್ಟು ಕೂತು ಗಾಡಿ ಓಡುವವರೆಗೆ ಹಳೆಯದನ್ನು ಗುಜರಿಗೆ ಹಾಕಬೇಡಿ.